ಬ್ಯಾಕ್ ಆಡುವವರ ಸಂಬಳ

ಕಸಬಾ ಬೆಂಗ್ರೆಯಲ್ಲಾಗಲಿ, ಉಳ್ಳಾಲದಲ್ಲಾಗಲಿ, ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ, ಫುಟ್ಬಾಲ್ ಮ್ಯಾಚ್ ಮುಗಿದು ಜನ ಮನೆಗೆ ಹೊರಟಾಗ ಕೇಳುವ ಮೊದಲ ಪ್ರಶ್ನೆ "ಗೋಲ್ ಹೊಡೆದದ್ದು ಯಾರು?" ಅಂತ. ಬ್ಯಾಕ್ ಆಡಿದವನ ಹೆಸರು ಬಾಯಿಗೆ ಬರುವುದು ಅವನು ತಪ್ಪಿದ ದಿನ ಮಾತ್ರ. ತೊಂಬತ್ತು ನಿಮಿಷ ಎದುರಾಳಿಯನ್ನು ತಡೆದು ನಿಂತದ್ದು ಯಾರ ಲೆಕ್ಕದಲ್ಲೂ ಇಲ್ಲ. ಗಲ್ಫಿನಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲ್ವತ್ತು ಮಾಳಿಗೆಯ ಕಟ್ಟಡದಲ್ಲಿ ಲಿಫ್ಟ್ ಸರಿಯಾಗಿ ಓಡುವಷ್ಟು ದಿನ ಅದನ್ನು ನೋಡಿಕೊಳ್ಳುವವನು ಯಾರೆಂದು ಯಾರೂ ಕೇಳುವುದಿಲ್ಲ. ನಿಂತ ದಿನ ಹತ್ತು ಫೋನ್ ಬರುತ್ತದೆ.

ಈ ಸಂಚಿಕೆಯಲ್ಲಿ ನಾವು ಅಂಥ ಒಬ್ಬ ಬ್ಯಾಕ್ ಆಟಗಾರ್ತಿಯ ಬಗ್ಗೆ ಬರೆಯುತ್ತಿದ್ದೇವೆ. ಹೆಸರು ಕೇಟ್ ಮಾರ್ಕ್‌ಗ್ರಾಫ್. ಮದುವೆಗೆ ಮೊದಲು ಕೇಟ್ ಸೊಬ್ರೆರೊ. ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡದಲ್ಲಿ 1998ರಿಂದ 2010ರ ವರೆಗೆ 201 ಪಂದ್ಯ ಆಡಿದವರು. ಒಂದು ವಿಶ್ವಕಪ್, ಎರಡು ಒಲಿಂಪಿಕ್ ಚಿನ್ನ, ಒಂದು ಬೆಳ್ಳಿ. ಬೆಳೆದದ್ದು ಡೆಟ್ರಾಯಿಟ್ ಪಕ್ಕದ ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿ, ಕೊನೆಯ ಕ್ಲಬ್ಬು ಶಿಕಾಗೊ ರೆಡ್ ಸ್ಟಾರ್ಸ್. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಾರರು. ಕೇಳಬೇಕಾದದ್ದು ಅವರ ಪದಕಗಳಿಗಾಗಿ ಅಲ್ಲ, ಅವರ ಕೆಲಸದ ಕರಾರಿನ ಕತೆಗಾಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇದು ಬಡ ಮನೆಯ ಹುಡುಗಿ ಬರಿಗಾಲಲ್ಲಿ ಚೆಂಡು ಒದ್ದು ಮೇಲೆ ಬಂದ ಕತೆ ಅಲ್ಲ. ಬ್ಲೂಮ್‌ಫೀಲ್ಡ್ ಹಿಲ್ಸ್ ಅನುಕೂಲಸ್ಥರ ಊರು. ಓದಿದ್ದು ಡೆಟ್ರಾಯಿಟ್ ಕಂಟ್ರಿ ಡೇ ಎಂಬ ಖಾಸಗಿ ಶಾಲೆಯಲ್ಲಿ, ಆಮೇಲೆ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ. ಆ ವಿಶ್ವವಿದ್ಯಾಲಯ 1995ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಅವರು ತಂಡದಲ್ಲಿದ್ದರು. ಹಾಗಾದ್ರೆ ನಮಗೂ ಅವರಿಗೂ ಏನು ಸಂಬಂಧ ಅಂತ ಕೇಳಬಹುದು. ಡೆಟ್ರಾಯಿಟ್ ಅಂದ್ರೆ ಕಾರು ಮಾಡುವ ಊರು. ಪಕ್ಕದ ಡಿಯರ್‌ಬರ್ನ್‌ನ ಫೋರ್ಡ್ ಕಾರ್ಖಾನೆಗೆ ಯೆಮನ್, ಲೆಬನಾನ್‌ಗಳಿಂದ ಬಂದು ದುಡಿದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಅಲ್ಲಿಯ ನಾಗರಿಕರು. ಆ ಕಾರ್ಮಿಕರ ಸಂಘ 1935ರಲ್ಲಿ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲೇ. ಫೋರ್ಡ್ ಕಂಪೆನಿ ಆ ಸಂಘದ ಜೊತೆ ಕರಾರಿಗೆ ಸಹಿ ಹಾಕಿದ್ದು 1941ರಲ್ಲಿ, ಮುಷ್ಕರ ಆದ ಮೇಲೆ. ದುಡಿಯುವವರು ಒಬ್ಬೊಬ್ಬರಾಗಿ ಕೇಳಿದರೆ ಸಿಗದ್ದು ಒಟ್ಟಿಗೆ ಕೇಳಿದರೆ ಸಿಗುತ್ತದೆ ಎನ್ನುವುದು ಆ ಸೀಮೆಯ ಹಳೇ ಪಾಠ. ಕೇಟ್ ಆ ಪಾಠವನ್ನು ಊರಿನಿಂದಲೇ ಕಲಿತರೆಂದು ನಾವು ಹೇಳುತ್ತಿಲ್ಲ. ಆದರೆ ಅವರ ತಂಡ ಮಾಡಿದ್ದು ಅದನ್ನೇ.

1999ರ ಜುಲೈ 10. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಮೈದಾನ, 90,185 ಪ್ರೇಕ್ಷಕರು. ವಿಶ್ವಕಪ್ ಫೈನಲ್, ಎದುರಿಗೆ ಚೀನಾ. 120 ನಿಮಿಷ ಆಡಿದರೂ ಎರಡೂ ಕಡೆ ಗೋಲಿಲ್ಲ. ಆಮೇಲೆ ಪೆನಾಲ್ಟಿಯಲ್ಲಿ 5-4ರಿಂದ ಅಮೆರಿಕ ಗೆದ್ದಿತು. ಕೊನೆಯ ಪೆನಾಲ್ಟಿ ಹೊಡೆದ ಬ್ರಾಂಡಿ ಚಾಸ್ಟೇನ್ ಅವರ ಫೋಟೋ ಲೋಕವೆಲ್ಲಾ ಸುತ್ತಿತು, ಚೀನಾದ ಒಂದು ಹೊಡೆತ ತಡೆದ ಗೋಲ್ ಕೀಪರ್ ಬ್ರಿಯಾನಾ ಸ್ಕರಿಯ ಹೆಸರೂ ಬಂತು. ಆದರೆ 120 ನಿಮಿಷ ಚೀನಾಕ್ಕೆ ಗೋಲು ಸಿಗಲಿಲ್ಲವಲ್ಲ, ಅದು ತಾನಾಗಿಯೇ ಆದದ್ದಾ? ನಡುವೆ ಬ್ಯಾಕ್ ನಿಂತವರು ಇಬ್ಬರು. ಒಬ್ಬರು ಕ್ಯಾಪ್ಟನ್ ಕಾರ್ಲಾ ಓವರ್‌ಬೆಕ್, ಇನ್ನೊಬ್ಬರು 22 ವರ್ಷದ ಕೇಟ್.

ಇಷ್ಟು ದೊಡ್ಡ ಗೆಲುವಿನ ಮೇಲೆ ಏನಾಯ್ತು? ಆರು ತಿಂಗಳು ಕಳೆಯುವುದರೊಳಗೆ ಅದೇ ಆಟಗಾರ್ತಿಯರು ಕೆಲಸ ನಿಲ್ಲಿಸಿದರು. 2000ದ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಟೂರ್ನಮೆಂಟ್ ಇತ್ತು. ಹಳೇ ಕರಾರು ಮುಗಿದಿತ್ತು, ಹೊಸದು ಆಗಿರಲಿಲ್ಲ. ಹಳೇ ಸಂಬಳಕ್ಕೇ ಹೋಗಿ ಆಡಿ, ಉಳಿದದ್ದು ಆಮೇಲೆ ನೋಡೋಣ ಎನ್ನುವುದು ಫೆಡರೇಶನ್‌ನ ವರಸೆ. ಈ "ಆಮೇಲೆ ನೋಡೋಣ" ಎನ್ನುವ ಮಾತು ನಮ್ಮ ಓದುಗರಲ್ಲಿ ಕೇಳದವರು ಯಾರಿದ್ದಾರೆ? ವಿಶ್ವಕಪ್ ಗೆದ್ದ ತಂಡ ವಿಮಾನ ಹತ್ತಲಿಲ್ಲ. ಫೆಡರೇಶನ್ ಎಳೆಯ ಹುಡುಗಿಯರ ತಂಡ ಕಟ್ಟಿ ಕಳಿಸಿತು. ಆ ಎಳೆಯರು ಅಲ್ಲಿ ಗೆದ್ದೂ ಬಂದರು ನೋಡಿ! "ನೀವಿಲ್ಲದಿದ್ದರೂ ನಡೆಯುತ್ತೆ" ಎನ್ನಲು ಯಜಮಾನರಿಗೆ ಇದಕ್ಕಿಂತ ಒಳ್ಳೇ ಅವಕಾಶ ಬೇಕಾ? ಆದರೂ ಹಿರಿಯರು ಕದಲಲಿಲ್ಲ, ಯಾರೂ ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಲಿಲ್ಲ. ಆ ತಿಂಗಳ ಕೊನೆಗೆ ಒಪ್ಪಂದ ಆಯಿತು. ಹಿರಿಯ ಆಟಗಾರ್ತಿಯರಿಗೆ ತಿಂಗಳಿಗೆ 5,000 ಡಾಲರ್, ಪಂದ್ಯಕ್ಕೆ 2,000 ಡಾಲರ್, ಐದು ವರ್ಷದ ಕರಾರು.

ಕೇಟ್ ಆಗ ತಂಡಕ್ಕೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಮಾತುಕತೆಯ ಮುಂದಾಳುಗಳು ಅವರಲ್ಲ. ಮಿಯಾ ಹ್ಯಾಮ್, ಜೂಲಿ ಫೌಡಿಯಂಥ ಹಿರಿಯರು ಮುಂದೆ ನಿಂತಿದ್ದರು. ಹೊಸಬರ ಪಾಡು ಯಾವಾಗಲೂ ಹೆಚ್ಚು ಕಷ್ಟ. ಹಿರಿಯರಿಗೆ ಹೆಸರಿದೆ, ಜಾಹೀರಾತಿನ ದುಡ್ಡಿದೆ. ಹೊಸಬರಿಗೆ ಮೊದಲು ಹೋಗುವುದು ಕೆಲಸ. ಕ್ಯಾಂಪಿನಲ್ಲಿ ಊಟ ಸರಿಯಿಲ್ಲವೆಂದು ಎಲ್ಲರೂ ಸೇರಿ ದೂರು ಕೊಡೋಣ ಎಂದಾಗ, ನಿನ್ನೆ ಮೊನ್ನೆ ವೀಸಾದಲ್ಲಿ ಬಂದ ಹುಡುಗ ಹಿಂದೆ ಸರಿಯುವುದು ಹೆದರಿಕೆಯಿಂದಲೇ ಹೊರತು ಸ್ವಾರ್ಥದಿಂದಲ್ಲ. ಗಲ್ಫಿನ ಹೆಚ್ಚಿನ ದೇಶಗಳಲ್ಲಿ ಮುಷ್ಕರಕ್ಕೆ ಅವಕಾಶ ಇಲ್ಲವೆನ್ನುವುದನ್ನು ನಾವು ಮರೆತಿಲ್ಲ, ಅದನ್ನು ಮಾಡಿ ಅಂತ ಹೇಳುತ್ತಲೂ ಇಲ್ಲ. ಹೇಳುವುದು ಇಷ್ಟೇ: ಕರಾರಿನ ಕಾಗದ ಆದ ಮೇಲೆ ಆಟ, ಆಟ ಆದ ಮೇಲೆ ಕಾಗದ ಅಲ್ಲ.

ಆ ಕಾಗದದ ಬೆಲೆ ಗೊತ್ತಾದದ್ದು ಮೂರು ವರ್ಷ ಕಳೆದು. 2001ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಶುರುವಾಯಿತು, ಡಬ್ಲ್ಯುಯುಎಸ್‌ಎ ಅಂತ. ಎಂಟು ತಂಡ. ಕೇಟ್ ಬಾಸ್ಟನ್ ಬ್ರೇಕರ್ಸ್ ಸೇರಿದರು. ಮೂರೇ ಸೀಸನ್. ನಷ್ಟ ಏರಿದಾಗ ಹಿರಿಯ ಆಟಗಾರ್ತಿಯರು ಸಂಬಳ ಕಡಿತಕ್ಕೂ ಒಪ್ಪಿಕೊಂಡರು, ಆದರೂ ಉಳಿಯಲಿಲ್ಲ. 2003ರ ಸೆಪ್ಟೆಂಬರ್ 15ಕ್ಕೆ ಲೀಗ್ ಮುಚ್ಚಿತು. ಅಮೆರಿಕದಲ್ಲೇ ನಡೆಯಬೇಕಿದ್ದ ವಿಶ್ವಕಪ್‌ಗೆ ಆಗ ಉಳಿದದ್ದು ಐದು ದಿನ. ಎಂಟು ತಂಡದ ಹುಡುಗಿಯರೆಲ್ಲಾ ಒಂದೇ ದಿನ ನಿರುದ್ಯೋಗಿಗಳು.

2016ರಲ್ಲಿ ಸೌದಿಯಲ್ಲಿ ಕಟ್ಟಡ ಕೆಲಸ ಕುಸಿದು, ಜಿದ್ದಾದ ಕ್ಯಾಂಪುಗಳಲ್ಲಿ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತು, ಕಡೆಗೆ ಭಾರತದ ಕಾನ್ಸುಲೇಟ್ ಊಟ ಹಂಚಬೇಕಾಗಿ ಬಂದದ್ದು ನೆನಪಿದೆಯಲ್ಲ? ಅವರು ಕೆಲಸಗಳ್ಳರಾಗಿದ್ದರಾ? ಹಗಲಿರುಳು ದುಡಿದವರು. ಕಂಪೆನಿ ಬಿದ್ದಾಗ ಕಾರ್ಮಿಕನ ಬೆವರನ್ನು ಯಾರೂ ತೂಗುವುದಿಲ್ಲ. ನಮ್ಮ ಮನೆಗಳಲ್ಲಿ ಹುಡುಗನನ್ನು ವಿಮಾನ ಹತ್ತಿಸುವಾಗ ಉಮ್ಮ ಹೇಳುವ ಬುದ್ಧಿಮಾತು ಒಂದೇ: "ನಿಯತ್ತಿನಿಂದ ದುಡಿ ಮೋನೇ, ಎಲ್ಲಾ ಸರಿಹೋಗುತ್ತೆ." ನಿಯತ್ತು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ಎಲ್ಲಾ ಸರಿಹೋಗುವುದಿಲ್ಲ ಮಾರಾಯ್ರೇ. ಲೀಗ್ ಮುಚ್ಚಿದ ದಿನ ಕ್ಲಬ್ಬಿನ ಸಂಬಳವನ್ನೇ ನಂಬಿದವರೂ ಕೇಟ್‌ನಷ್ಟೇ ಕಷ್ಟಪಟ್ಟು ಆಡಿದವರೇ. ವ್ಯತ್ಯಾಸ ಒಂದೇ: ರಾಷ್ಟ್ರೀಯ ತಂಡದವರ ಕೈಯಲ್ಲಿ ಫೆಡರೇಶನ್‌ನ ಕರಾರು ಬೇರೆಯೇ ಇತ್ತು. ಆ ಬಲದಲ್ಲೇ ಅವರು ಆಡುತ್ತಾ ಹೋದರು, 2004ರಲ್ಲಿ ಅಥೆನ್ಸ್‌ನಲ್ಲಿ ಚಿನ್ನ ಗೆದ್ದರು. ಕ್ಲಬ್ಬಿನ ಹುಡುಗಿಯರಿಗೆ ಮತ್ತೊಂದು ವೃತ್ತಿಪರ ಲೀಗ್ ಬರಲು 2009ರ ವರೆಗೆ ಕಾಯಬೇಕಾಯಿತು. ಇಪ್ಪತ್ತೆರಡರ ಹುಡುಗಿಗೆ ಐದು ವರ್ಷ ಅಂದ್ರೆ ಆಟದ ಆಯುಸ್ಸಿನ ಅರ್ಧ.

ಈಗ ಈ ಲೇಖನ ಬರೆಯಲು ಮುಖ್ಯ ಕಾರಣಕ್ಕೆ ಬರೋಣ. 2006ರಲ್ಲಿ ಕೇಟ್‌ಗೆ ಗಂಡು ಮಗು ಹುಟ್ಟಿತು. ಆಗ ವಯಸ್ಸು ಮೂವತ್ತರ ಹತ್ತಿರ. ಆಟದಲ್ಲಿ ಆ ವಯಸ್ಸಿಗೆ ಒಂದು ಮೊಣಕಾಲು ನೋವು ಸಾಕು ಮನೆಗೆ ಕಳಿಸಲು. ಅವರು ಮರಳಿದರು. ಒಬ್ಬರ ಛಲದಿಂದ ಮಾತ್ರ ಆದದ್ದಲ್ಲ ಇದು. ಅವರಿಗಿಂತ ಮೊದಲೇ ಜಾಯ್ ಫಾಸೆಟ್ ಎಂಬ ಇನ್ನೊಬ್ಬ ಬ್ಯಾಕ್ ಆಟಗಾರ್ತಿ ಮಕ್ಕಳನ್ನು ಕ್ಯಾಂಪಿಗೆ ಕರೆತಂದು ಆಡಿದ್ದರು. ಮಗುವನ್ನು ನೋಡಿಕೊಳ್ಳುವ ಆಯಾಳ ಪ್ರಯಾಣದ ಖರ್ಚನ್ನು ಫೆಡರೇಶನ್ ಕೊಡಬೇಕೆನ್ನುವುದನ್ನು ಆಟಗಾರ್ತಿಯರು ಕೇಳಿ ಪಡೆದಿದ್ದರು. ಅಂದ್ರೆ ದಾರಿ ಮೊದಲೇ ಆಗಿತ್ತು, ಕೇಟ್ ಅದರಲ್ಲಿ ನಡೆದರು.

2008ರ ಬೀಜಿಂಗ್ ಒಲಿಂಪಿಕ್ಸ್. ಮೊದಲ ಪಂದ್ಯ ನಾರ್ವೆ ಮೇಲೆ. ಎರಡನೇ ನಿಮಿಷಕ್ಕೆ ಒಂದು ಗೋಲು ಬಿತ್ತು. ಇನ್ನೆರಡು ನಿಮಿಷ ಕಳೆಯುವಷ್ಟರಲ್ಲಿ ಕೇಟ್ ಗೋಲ್ ಕೀಪರ್‌ಗೆ ಕೊಟ್ಟ ಬ್ಯಾಕ್ ಪಾಸ್ ಗಿಡ್ಡವಾಯಿತು, ನಾರ್ವೆಯ ಹುಡುಗಿ ನಡುವೆ ನುಗ್ಗಿ ಇನ್ನೊಂದು ಗೋಲು ಹಾಕಿದಳು. 0-2ರ ಸೋಲು. ಮಗುವಿನ ತಾಯಿ, ವಯಸ್ಸಾಯಿತು, ಬದಲಾಯಿಸಿ ಎನ್ನುವ ಬಾಯಿಗಳು ಎಲ್ಲಾ ಊರಲ್ಲೂ ಇರುತ್ತವೆ. ಕೋಚ್ ಬದಲಾಯಿಸಲಿಲ್ಲ. ಆಗಸ್ಟ್ 21ರಂದು ಬ್ರೆಜಿಲ್ ವಿರುದ್ಧದ ಫೈನಲ್‌ನಲ್ಲಿ ಅಮೆರಿಕದ ನಡು ಬ್ಯಾಕ್ ಇಬ್ಬರೂ ತಾಯಂದಿರೇ: ಕ್ಯಾಪ್ಟನ್ ಕ್ರಿಸ್ಟಿ ರಾಂಪೋನ್ ಮತ್ತು ಕೇಟ್. ಎದುರಿಗೆ ಮಾರ್ತಾ, ಲೋಕದಲ್ಲೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದ ಫಾರ್ವರ್ಡ್. ಹೆಚ್ಚುವರಿ ಸಮಯ ಸೇರಿ ಇಡೀ ಪಂದ್ಯದಲ್ಲಿ ಬ್ರೆಜಿಲ್‌ಗೆ ಒಂದೂ ಗೋಲು ಸಿಗಲಿಲ್ಲ, ಕಾರ್ಲಿ ಲಾಯ್ಡ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಬಂತು. ಯಾರ ಹೆಸರು ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದಿರಬಹುದು ಅಂತ ನಾವು ಹೇಳಬೇಕಾಗಿಲ್ಲ.

ಅದೇ ವರ್ಷ ಹೊಸ ಲೀಗ್‌ಗೆ ತಂಡ ಹಂಚುವಾಗ ಕೇಟ್‌ಗೆ ಶಿಕಾಗೊ ರೆಡ್ ಸ್ಟಾರ್ಸ್ ಸಿಕ್ಕಿತು. ಅವರ ಮೈದಾನ ಆಗ ಇದ್ದದ್ದು ಶಿಕಾಗೊ ನಗರದೊಳಗಲ್ಲ, ಪಕ್ಕದ ಬ್ರಿಡ್ಜ್‌ವ್ಯೂನಲ್ಲಿ. ಆ ಊರನ್ನು ಜನ ‘ಪುಟ್ಟ ಫೆಲೆಸ್ತೀನ್’ ಎಂದೇ ಕರೆಯುತ್ತಾರೆ, ಅಷ್ಟು ಮಂದಿ ಫೆಲೆಸ್ತೀನಿಯರು ಅಲ್ಲಿ ನೆಲೆಸಿದ್ದಾರೆ. 2009ರಲ್ಲಿ ಕೇಟ್‌ಗೆ ಅವಳಿ ಮಕ್ಕಳು ಹುಟ್ಟಿದರು. 2010ರಲ್ಲಿ ಮತ್ತೆ ಬೂಟು ಕಟ್ಟಿದರು, ಮೂರು ಮಕ್ಕಳ ತಾಯಿಯಾಗಿ. ರಾಷ್ಟ್ರೀಯ ತಂಡದ 201ನೇ ಪಂದ್ಯವೂ ಆ ವರ್ಷವೇ, ನಿವೃತ್ತಿಯೂ ಆ ವರ್ಷವೇ. ದುಡ್ಡಿಲ್ಲದೆ ಶಿಕಾಗೊ ತಂಡ ಆ ಸೀಸನ್ ಮುಗಿದ ಮೇಲೆ ಲೀಗಿನಿಂದ ಹೊರಬಂತು, 2012ಕ್ಕೆ ಆ ಲೀಗೇ ಮುಚ್ಚಿತು. ಒಂದೇ ಆಯುಸ್ಸಿನಲ್ಲಿ ಎರಡು ಕಂಪೆನಿ ಮುಳುಗಿದ್ದನ್ನು ನೋಡಿದ ಹೆಂಗಸು.

ನಮ್ಮ ಹೆಣ್ಮಕ್ಕಳ ವಿಷಯ ಎತ್ತದೆ ಇದನ್ನು ಮುಗಿಸಲು ಮನಸ್ಸು ಬರುವುದಿಲ್ಲ. ಇವತ್ತು ಬ್ಯಾರಿ ಮನೆಗಳಲ್ಲಿ ನರ್ಸಿಂಗ್, ಬಿ.ಎಡ್., ಫಾರ್ಮಸಿ, ಇಂಜಿನಿಯರಿಂಗ್ ಕಲಿತ ಹೆಣ್ಮಕ್ಕಳು ಬೇಕಾದಷ್ಟಿದ್ದಾರೆ. ಗಲ್ಫಿನ ದುಡ್ಡಿನಲ್ಲೇ ಕಲಿತವರು. ಅಪ್ಪ ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಕಟ್ಟಿದ ಫೀಸು ಅದು. ಮದುವೆ ಆಯಿತು, ಒಂದು ಮಗು ಆಯಿತು, ಸರ್ಟಿಫಿಕೇಟ್ ಕಪಾಟಿಗೆ ಹೋಯಿತು. ಅವರವರ ಇಷ್ಟದಿಂದ ಮನೆಯಲ್ಲಿ ಉಳಿದವರ ಬಗ್ಗೆ ನಮ್ಮ ತಕರಾರಿಲ್ಲ, ಮನೆಯ ಕೆಲಸವೂ ಕೆಲಸವೇ. ಆದರೆ "ಮಗು ಆದ ಮೇಲೆ ಇನ್ನೆಂಥ ಕೆಲಸ?" ಎನ್ನುವ ಮಾತಿಗೆ ಸೋತು ಕೂತವರು ಎಷ್ಟು ಮಂದಿ? ಆ ಮಾತು ಹೇಳುವವರಲ್ಲಿ ಗಂಡಸರಷ್ಟೇ ಇಲ್ಲ ಎನ್ನುವುದೂ ನಮಗೆ ಗೊತ್ತಿರೋದೇ. ಒಲಿಂಪಿಕ್ ಫೈನಲ್ ಆಡಲು ತಾಯ್ತನ ಅಡ್ಡಿಯಾಗದಿದ್ದರೆ, ಆಸ್ಪತ್ರೆಯ ವಾರ್ಡಿಗೆ ಮರಳಲು ಯಾಕೆ ಅಡ್ಡಿ? ಅಡ್ಡಿ ಇರುವುದು ಮಗುವನ್ನು ನೋಡುವವರು ಯಾರು ಎನ್ನುವಲ್ಲಿ. ಅಮೆರಿಕದ ತಂಡ ಆ ಪ್ರಶ್ನೆಯನ್ನು ಕರಾರಿನೊಳಗೇ ಬರೆಸಿತು. ನಮ್ಮ ಮೊಹಲ್ಲಾಗಳಲ್ಲಿ ಸಾವಿರ ಚದರಡಿಯ ಸಭಾಭವನ ಕಟ್ಟಲು ಚಂದಾ ಆಗುತ್ತದೆ, ದುಡಿಯುವ ತಾಯಂದಿರ ಮಕ್ಕಳಿಗೆ ಒಂದು ಕೋಣೆ ಅಂದ್ರೆ ಸಭೆಯಲ್ಲಿ ಎಲ್ಲರೂ ಗಡಿಯಾರ ನೋಡುತ್ತಾರೆ.

ಆಟದ ವಿಷಯವೂ ಹಾಗೇ. ಅನಿವಾಸಿಗಳ ದುಡ್ಡಿನಲ್ಲಿ ಊರಲ್ಲೂ ಗಲ್ಫಲ್ಲೂ ನಡೆಯುವ ಹುಡುಗರ ಟೂರ್ನಮೆಂಟುಗಳಿಗೆ ಕಮ್ಮಿ ಇಲ್ಲ. ಟ್ರೋಫಿ ಆಳೆತ್ತರ. ಹುಡುಗಿಯರಿಗೆ ಒಂದು ಸಂಜೆ ಮೈದಾನ ಬಿಟ್ಟುಕೊಟ್ಟದ್ದು ಎಷ್ಟು ಕಡೆ? ಉಡುಪಿನ ಮಾತು ತೆಗೆಯುವವರು ಒಂದನ್ನು ತಿಳಿದುಕೊಳ್ಳಬೇಕು. 2011ರಲ್ಲಿ ತಲೆವಸ್ತ್ರದ ಕಾರಣಕ್ಕೆ ಇರಾನಿನ ಮಹಿಳಾ ತಂಡವನ್ನು ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಬಿಡಲಿಲ್ಲ. 2014ರಲ್ಲಿ ಆ ನಿಯಮ ಹೋಯಿತು. 2023ರ ಜುಲೈ 30ರಂದು ಮೊರಾಕೊದ ನುಹೈಲಾ ಬೆಂಝಿನಾ ಹಿಜಾಬ್ ತೊಟ್ಟು ವಿಶ್ವಕಪ್ ಆಡಿದರು, ಹಿರಿಯರ ವಿಶ್ವಕಪ್‌ನಲ್ಲಿ ಹಾಗೆ ಆಡಿದವರಲ್ಲಿ ಮೊದಲಿಗರು. ದಕ್ಷಿಣ ಕೊರಿಯಾ ಮೇಲೆ ಮೊರಾಕೊ 1-0ರಿಂದ ಗೆದ್ದಿತು. ಅವರೂ ಬ್ಯಾಕ್ ಆಟಗಾರ್ತಿಯೇ! ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಶಾಲೆಯ ಆಟದ ಉಡುಪನ್ನು ತಮ್ಮ ನಂಬಿಕೆಗೆ ತಕ್ಕಂತೆ ಹೊಂದಿಸಿಕೊಳ್ಳಲು ಮಕ್ಕಳಿಗೆ 2021ರಲ್ಲೇ ಕಾನೂನು ಆಯಿತು. ನೆಪ ಒಂದೊಂದಾಗಿ ಖಾಲಿಯಾಗುತ್ತಿದೆ.

ಕೇಟ್ ಅವರ ಮುಂದಿನ ದಿನಗಳನ್ನು ಹೇಳುವಾಗ ನಮ್ಮ ಹೊಗಳಿಕೆ ಸ್ವಲ್ಪ ಬಿಗಿಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಅವರು ರಾಷ್ಟ್ರೀಯ ಮಹಿಳಾ ತಂಡದ ಮೊದಲ ಜನರಲ್ ಮ್ಯಾನೇಜರ್ ಆದರು. ಅದೇ ಮಾರ್ಚ್‌ನಲ್ಲಿ ಆಟಗಾರ್ತಿಯರು ಗಂಡಸರಿಗೆ ಸಮನಾದ ಸಂಬಳ ಕೇಳಿ ಫೆಡರೇಶನ್ ಮೇಲೆ ದಾವೆ ಹೂಡಿದ್ದರು. ಕೆಲಸಗಾರ್ತಿ ಆಗಿದ್ದವರು ಈಗ ಆಫೀಸಿನ ಕಡೆಯ ಕುರ್ಚಿಯಲ್ಲಿ. ಹೆಲ್ಪರ್ ಆಗಿ ಬಂದು ಫೋರ್‌ಮನ್ ಆದವರನ್ನು ನಾವೂ ನೋಡಿದ್ದೇವೆ. ಕೆಲವರು ಹಳೇ ರೂಮಿನವರನ್ನು ಮರೆಯುವುದಿಲ್ಲ, ಕೆಲವರಿಗೆ ಮೊದಲ ತಿಂಗಳಲ್ಲೇ ಮರೆವು. ಕೇಟ್ ಯಾವ ಸಾಲಿನವರು ಎನ್ನುವುದು ತಂಡದ ಒಳಗಿದ್ದವರು ಹೇಳಬೇಕಾದ ಮಾತು. ಲೋಕಕ್ಕೆ ಕಂಡದ್ದು ಇಷ್ಟು: 2022ರ ಫೆಬ್ರವರಿಯಲ್ಲಿ ದಾವೆ 2.4 ಕೋಟಿ ಡಾಲರ್‌ಗೆ ರಾಜಿಯಾಯಿತು, ಮೇ ತಿಂಗಳಲ್ಲಿ ಗಂಡಸರು, ಹೆಂಗಸರು ಇಬ್ಬರಿಗೂ ಸಮನಾದ ಕರಾರು ಬಂತು. 2023ರ ವಿಶ್ವಕಪ್‌ನಲ್ಲಿ ತಂಡ ಬೇಗ ಸೋತು ಹೊರಬಿದ್ದ ಮೇಲೆ ಅವರು ಹುದ್ದೆ ಬಿಟ್ಟರು.

ಶಿಕಾಗೊದಲ್ಲಿ ಕತೆ ಇನ್ನೂ ಮುಂದಿದೆ, ಅದು ನಮಗೆ ಇನ್ನೂ ಹತ್ತಿರದ್ದು. 2013ರಲ್ಲಿ ಶುರುವಾದ ಮೂರನೇ ಲೀಗ್‌ನಲ್ಲಿ ಕಾಲೇಜು ಮುಗಿಸಿದ ಆಟಗಾರ್ತಿ ಯಾವ ಊರಿಗೆ ಹೋಗಬೇಕೆಂದು ಆರಿಸುತ್ತಿದ್ದದ್ದು ಕ್ಲಬ್ಬುಗಳು, ಆಕೆಯಲ್ಲ. ಮುಂದೆ ಒಂದು ಕ್ಲಬ್ಬು ಇನ್ನೊಂದಕ್ಕೆ ಆಕೆಯನ್ನು ಕೊಟ್ಟುಬಿಡಬಹುದಿತ್ತು, ಒಪ್ಪಿಗೆ ಕೇಳಬೇಕೆಂಬ ನಿಯಮ ಇರಲಿಲ್ಲ. ಕಫೀಲ್, ಎನ್‌ಒಸಿ, ರಿಲೀಸ್ ಎನ್ನುವ ಮಾತುಗಳು ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಾ? ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನ ಸಾರಾ ಗಾರ್ಡನ್, ಇನ್ನೊಬ್ಬ ಬ್ಯಾಕ್ ಆಟಗಾರ್ತಿ, ಕಾಲೇಜು ದಿನಗಳಲ್ಲೇ ತಾಯಿಯಾದವರು, 2016ರಲ್ಲಿ ಊರಿನದೇ ತಂಡಕ್ಕೆ ಬಂದರು. ಆ ವರ್ಷ ಲೀಗಿನ ಕನಿಷ್ಠ ಸಂಬಳ ಇಡೀ ಸೀಸನ್‌ಗೆ 7,200 ಡಾಲರ್. ಅಮೆರಿಕದಲ್ಲಿ, ತಿಂಗಳಿಗಲ್ಲ, ಸೀಸನ್‌ಗೆ! 2021ರ ಕೊನೆಗೆ ಶಿಕಾಗೊ ಅವರನ್ನು ಲಾಸ್ ಏಂಜಲಿಸ್‌ನ ತಂಡಕ್ಕೆ ಕೊಟ್ಟಿತು.

ಅದೇ 2021ರಲ್ಲಿ ಕೋಚ್‌ಗಳ ದೌರ್ಜನ್ಯದ ಸುದ್ದಿಗಳು ಹೊರಬಂದವು. ಅಕ್ಟೋಬರ್ 6ರ ಪಂದ್ಯಗಳಲ್ಲಿ ಆರನೇ ನಿಮಿಷಕ್ಕೆ ಎರಡೂ ಕಡೆಯವರು ಆಟ ನಿಲ್ಲಿಸಿ, ಮೈದಾನದ ನಡುವೆ ತೋಳಿಗೆ ತೋಳು ಕಟ್ಟಿ ನಿಂತರು. ದೂರು ಕೇಳುವವರಿಲ್ಲದೆ ಇಬ್ಬರು ಆಟಗಾರ್ತಿಯರು ಕಳೆದ ಆರು ವರ್ಷಗಳ ಲೆಕ್ಕ ಅದು. ನವೆಂಬರ್‌ನಲ್ಲಿ ಶಿಕಾಗೊ ತಂಡದ ಕೋಚ್ ಕೂಡಾ ರಾಜೀನಾಮೆ ಕೊಟ್ಟರು. ಮುಂದಿನ ವರ್ಷದ ಆರಂಭದಲ್ಲಿ ಸಂಘದ ಮೊದಲ ಕರಾರು ಆಯಿತು, ಕನಿಷ್ಠ ಸಂಬಳ 35,000 ಡಾಲರಿಗೆ ಏರಿತು. 2024ರ ಆಗಸ್ಟ್‌ನ ಹೊಸ ಕರಾರಿನಲ್ಲಿ ಕ್ಲಬ್ಬುಗಳು ಆಟಗಾರ್ತಿಯರನ್ನು ಹಂಚಿಕೊಳ್ಳುವ ಪದ್ಧತಿಯೇ ಹೋಯಿತು. ಈಗ ಆಕೆಯ ಒಪ್ಪಿಗೆ ಇಲ್ಲದೆ ಬೇರೆ ಕ್ಲಬ್ಬಿಗೆ ಕೊಡುವಂತಿಲ್ಲ.

ನಮ್ಮ ಕಡೆ ಲೆಕ್ಕ ಹೀಗಿದೆ. ಕತಾರ್ 2020ರಲ್ಲಿ ಎನ್‌ಒಸಿ ಇಲ್ಲದೆ ಕೆಲಸ ಬದಲಾಯಿಸಬಹುದೆಂದು ಕಾನೂನು ಮಾಡಿತು, 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಇಟ್ಟಿತು. ಸೌದಿಯ ಸುಧಾರಣೆಯೂ 2021ರ ಮಾರ್ಚ್ 14ರಿಂದ ಜಾರಿಗೆ ಬಂತು, ಆದರೆ ಮನೆಕೆಲಸದವರು, ಹೌಸ್ ಡ್ರೈವರ್‌ಗಳು, ತೋಟದ ಕೆಲಸದವರು, ಕುರಿ ಕಾಯುವವರು ಅದರ ಹೊರಗೆ ಉಳಿದರು. ನಮ್ಮ ಕರಾವಳಿಯಿಂದ ಹೌಸ್ ಡ್ರೈವರ್ ವೀಸಾದಲ್ಲಿ ಹೋದವರು ಸಣ್ಣ ಸಂಖ್ಯೆಯಲ್ಲಿಲ್ಲ. ಅವರ ಕರಾರಿನ ಒಂದು ಪ್ರತಿ ಅವರ ಬ್ಯಾಗಿನಲ್ಲಿರುವುದು ಸಾಲದು, ಊರಲ್ಲಿ ಹೆಂಡತಿಯ ಕೈಯಲ್ಲೂ ಒಂದು ಇರಬೇಕು. ಓದಲು ಬಾರದ ಅರಬಿಯಲ್ಲಿದ್ದರೆ ಓದಿ ಹೇಳುವವರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ, ಸಹಿ ಹಾಕುವ ಮೊದಲೇ ಅವರ ಬಾಗಿಲು ಬಡಿಯಿರಿ.